ನಿಮಗಿದು ಗೊತ್ತೆ? ಹಿಟ್ಲರ್ ಸೇನೆಗೆ ಸೆಡ್ಡು ಹೊಡೆದ ಶಾಲಾ ಹುಡುಗರು

1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ನುಗ್ಗಿದಾಗ ಡೆನ್ಮಾರ್ಕ್ ಸರ್ಕಾರ ಕೆಲವೇ ಗಂಟೆಗಳಲ್ಲಿ ಶರಣಾಯಿತು. ಪಕ್ಕದ ನಾರ್ವೆ ಹೋರಾಡುತ್ತಿರುವಾಗ ತಮ್ಮ ಹಿರಿಯರು ಕೈಕಟ್ಟಿ ಕುಳಿತದ್ದನ್ನು ಹದಿನಾಲ್ಕರ ಹುಡುಗ ಕ್ನೂಡ್ ಪೀಡರ್ಸನ್‌ಗೆ ಸಹಿಸಲಾಗಲಿಲ್ಲ. ಮರುವರ್ಷದ ಕೊನೆಯಲ್ಲಿ ಆಲ್ಬೋರ್ಗ್ ನಗರದಲ್ಲಿ ಅವನೂ ಅಣ್ಣ ಯೆನ್ಸ್ ಮತ್ತು ಗೆಳೆಯರೂ ಸೇರಿ ಬ್ರಿಟನ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ ‘ಚರ್ಚಿಲ್ ಕ್ಲಬ್’ ಕಟ್ಟಿದರು. ಕ್ನೂಡ್‌ನ ತಂದೆ ಪಾದ್ರಿ; ಅವರ ಮನೆಯಿದ್ದುದು ಹಳೆಯ ಕ್ರೈಸ್ತ ಮಠದಲ್ಲಿ. ಅಲ್ಲೇ ಗುಟ್ಟಿನ ಸಭೆ. ಮನೆಯವರಿಗೆ ಹೇಳುತ್ತಿದ್ದುದು ಮಾತ್ರ, ಇಸ್ಪೀಟಿನ ಬ್ರಿಜ್ ಆಟ ಎಂದು!

ಅವರ ವಾಹನ ಸೈಕಲ್. ಟೆಲಿಫೋನ್ ತಂತಿ ಕತ್ತರಿಸಿದರು, ದಾರಿಸೂಚಕ ಫಲಕಗಳನ್ನು ತಿರುಗಿಸಿಟ್ಟರು, ಸೈನಿಕರ ಬಂದೂಕು, ಪಿಸ್ತೂಲುಗಳನ್ನು ಎಗರಿಸಿದರು. ವಿಮಾನದ ಭಾಗಗಳಿದ್ದ ರೈಲು ಬೋಗಿಗೂ ಬೆಂಕಿಯಿಟ್ಟರು. ಸಿಕ್ಕಿಬಿದ್ದರೆ ಗತಿಯೇನೆಂದು ಅರಿತೇ ಇಷ್ಟೆಲ್ಲ ಮಾಡಿದರೆಂಬುದು ಮೈ ನವಿರೇಳಿಸುತ್ತದೆ.

ಹೋಟೆಲೊಂದರ ಪರಿಚಾರಕಿ ಗುರುತು ಹಿಡಿದದ್ದರಿಂದ 1942ರ ಮೇ ತಿಂಗಳಲ್ಲಿ ಹುಡುಗರು ಬಂಧಿತರಾದರು. ಕ್ನೂಡ್ ಎರಡು ವರ್ಷ ಜೈಲಿನಲ್ಲಿ ಕಳೆದ. ಆದರೆ ಸುದ್ದಿ ದೇಶವಿಡೀ ಹಬ್ಬಿ, ದೊಡ್ಡವರ ಅಳುಕನ್ನೂ ಬಿಡಿಸಿತು. 1943ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ನಗರಗಳಲ್ಲಿ ಜರ್ಮನರ ವಿರುದ್ಧ ಮುಷ್ಕರಗಳು ಭುಗಿಲೆದ್ದವು. ಯುದ್ಧ ಮುಗಿದ ಮೇಲೆ, 1950ರಲ್ಲಿ ಡೆನ್ಮಾರ್ಕಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಈ ಹುಡುಗರನ್ನು ಭೇಟಿಯಾದರು.