ಗಟ್ಟಿ ಬೇರೆ, ಕಲ್ಲು ಬೇರೆ

ಸಾವಿನ ಮನೆಗೆ ಮಾತಾಡಿಸಲು ಹೋದವರಿಗೆ ಹೇಳಲು ಹೆಚ್ಚು ಮಾತು ಸಿಗುವುದಿಲ್ಲ. ಬೆಳಗಾವಿಯಿಂದ ಸುಮಾರು 10 ಕಿ.ಮೀ. ದೂರದ ಸಾಂಬ್ರಾ ಕಡೆಯ ಊರುಗಳಲ್ಲಿ ಕನ್ನಡದ ಮನೆಯಾದರೆ ‘ಮನಸ್ಸು ಗಟ್ಟಿ ಮಾಡ್ಕೋರಿ’ ಎನ್ನುತ್ತಾರೆ. ಮರಾಠಿ ಮನೆಯಾದರೆ ‘ಮನ ಘಟ್ಟ ಕರಾ’. ಭಾಷೆ ಎರಡಾದರೂ ಕಿವಿಗೆ ಬೀಳುವ ಪದ ಹೆಚ್ಚುಕಡಿಮೆ ಒಂದೇ. ಆ ಮನೆಯ ಮಗನೊಬ್ಬ ಮಣ್ಣಿಗೂ ಬಾರದೆ ಉಳಿದರೆ ಅದೇ ಜನ ‘ಅವಂದು ಕಲ್ಲೆದಿ’ ಎಂದುಬಿಡುತ್ತಾರೆ. ಗಟ್ಟಿಯೂ ಗಡಸೇ, ಕಲ್ಲೂ ಗಡಸೇ. ಒಂದು ಸಾಂತ್ವನವಾಗಿ, ಇನ್ನೊಂದು ಬೈಗುಳವಾಗಿ ನಿಂತದ್ದು ಹೇಗೆ?

ಇಂಗ್ಲಿಷಿನಲ್ಲಿ ಈ ಎರಡಕ್ಕೂ ‘ಹಾರ್ಡ್’ ಒಂದೇ ಸಾಕು. ಕಲ್ಲು, ಪರೀಕ್ಷೆ, ಬಾವಿಯ ನೀರು, ಮನುಷ್ಯನ ಹೃದಯ ಎಲ್ಲವೂ ಅಲ್ಲಿ ಹಾರ್ಡ್. ಕನ್ನಡಿಗ ಹಾಗೆ ಬಿಡುವವನಲ್ಲ. ನೀರು ಗಡಸು, ಪರೀಕ್ಷೆ ಕಠಿಣ, ಮಾತು ಬಿರುಸು, ಮುದಿಯಾದ ಬೆಂಡೆಕಾಯಿ ಬಲಿತದ್ದು ಎಂದು ಒಂದೊಂದಕ್ಕೂ ಬೇರೆ ಹೆಸರಿಟ್ಟಿದ್ದಾನೆ.

ಇವುಗಳಲ್ಲಿ ಮರ್ಯಾದೆಯ ಪದವೆಂದರೆ ಗಟ್ಟಿ. ಗಟ್ಟಿ ಮೊಸರು, ಬಂಗಾರದ ಗಟ್ಟಿ, ಗಟ್ಟಿ ದನಿ, ಗಟ್ಟಿ ಆಸಾಮಿ, ಗಟ್ಟಿಗಿತ್ತಿ ಎಲ್ಲವೂ ಹೊಗಳಿಕೆಯೇ. ಒಳಗೆ ಟೊಳ್ಳಿಲ್ಲ, ನಂಬಬಹುದು ಎಂಬ ಅರ್ಥ ಅದರಲ್ಲಿದೆ. ಕಲ್ಲಿನಲ್ಲಿಯೂ ಟೊಳ್ಳಿಲ್ಲ, ನಿಜ. ಆದರೆ ಮನಸ್ಸಿಗೆ ಹೋಲಿಸಿದಾಗ ಜನ ಕಂಡದ್ದು ಅದರ ಇನ್ನೊಂದು ಗುಣವನ್ನು: ಅದಕ್ಕೆ ನೋವಿನ ಅರಿವಿಲ್ಲ.

ಹಾಗಾದರೆ ‘ಎದೆ ಕಲ್ಲು ಮಾಡಿಕೊಂಡು ಮಗಳನ್ನು ಕಳಿಸಿದರು’ ಎನ್ನುವುದಿಲ್ಲವೇ? ಎನ್ನುತ್ತಾರೆ. ಅಲ್ಲಿ ಗಮನಿಸಬೇಕಾದದ್ದು ಕಲ್ಲನ್ನಲ್ಲ, ‘ಮಾಡಿಕೊಂಡು’ ಎಂಬ ಕ್ರಿಯಾಪದವನ್ನು. ಆ ಒಂದು ಗಳಿಗೆಗಾಗಿ ತಾನೇ ಮಾಡಿಕೊಂಡ ಕಲ್ಲು ಅದು. ಕೆಳಗೆ ಅಳು ಇದೆ ಎಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಭಯ ಹುಟ್ಟಿಸುವುದು ತಾನೇ ತಾನಾಗಿ ಕಟ್ಟಿಕೊಳ್ಳುವ ಗಡಸುತನ. ಅದಕ್ಕೆ ಕನ್ನಡದಲ್ಲಿ ‘ಜಡ್ಡುಗಟ್ಟುವುದು’ ಎನ್ನುತ್ತಾರೆ.

ಗುದ್ದಲಿ ಹಿಡಿದ ಕೈಗೆ ಮೊದಲು ಬೊಬ್ಬೆ ಬರುತ್ತದೆ. ಉಜ್ಜುತ್ತಲೇ ಇದ್ದರೆ ಅಲ್ಲಿ ಚರ್ಮದ ಹೊರಪದರ ದಪ್ಪಗಾಗಿ ಜಡ್ಡು ಬೀಳುತ್ತದೆ. ಮೊದಲು ಉರಿಯುತ್ತಿದ್ದ ಜಾಗ ಈಗ ಉರಿಯುವುದಿಲ್ಲ. ಕೈಗೆ ಅದು ರಕ್ಷಣೆ. ಮನಸ್ಸಿಗೂ ಆಡಳಿತಕ್ಕೂ ಅದೇ ಪದ ಬಂದಾಗ ಮಾತ್ರ ನಿಂದೆ. ಇಂಗ್ಲಿಷಿನ ‘ಕ್ಯಾಲಸ್’ ಕೂಡ ಇದೇ ದಾರಿ ಹಿಡಿದ ಪದ. ಲ್ಯಾಟಿನ್ನಿನಲ್ಲಿ ಗಡುಸಾದ ಚರ್ಮವನ್ನು ಹೇಳುತ್ತಿದ್ದ ‘ಕಾಲಮ್’ನಿಂದ ಹುಟ್ಟಿ, ಪರರ ನೋವು ತಟ್ಟದವನಿಗೆ ಅಂಟಿಕೊಂಡಿತು. ಉತ್ತರ ಕರ್ನಾಟಕದಲ್ಲಿ ಜಡ್ಡು ಎಂದರೆ ಕಾಯಿಲೆ ಎಂಬ ಅರ್ಥವೂ ಉಂಟು!

ಲ್ಯಾಟಿನ್ನಿನಲ್ಲಿ ಗಡಸು ಎಂಬರ್ಥದ ‘ಡೂರುಸ್’ ಪದದ ಮಕ್ಕಳಂತೂ ಎರಡು ದಿಕ್ಕಿಗೆ ಹೋದವು. ತಾಳಿಕೊಳ್ಳುವುದನ್ನು ಹೇಳುವ ‘ಎಂಡ್ಯೂರ್’ ಒಂದು. ಎಷ್ಟು ಹೇಳಿದರೂ ಕರಗದ ಹಟಮಾರಿಯನ್ನು ಹೇಳುವ ‘ಆಬ್ಡ್ಯುರೇಟ್’ ಇನ್ನೊಂದು. ಒಂದೇ ಬೇರಿನಲ್ಲಿ ಸಹನೆಯೂ ಇದೆ, ಮೊಂಡುತನವೂ ಇದೆ.

ಈ ವ್ಯತ್ಯಾಸ ಕಸುಬಿನವರಿಗೆ ಹೊಸದಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಸಿದ ಉಕ್ಕನ್ನು ನೀರಿಗೆ ಅದ್ದಿದರೆ ಅದು ಬಹಳ ಗಡುಸಾಗುತ್ತದೆ. ಆದರೆ ಏಟು ಬಿದ್ದರೆ ಗಾಜಿನಂತೆ ಸೀಳುತ್ತದೆ. ಅದಕ್ಕೇ ಮತ್ತೊಮ್ಮೆ ಮೆಲ್ಲಗೆ ಕಾಸಿ, ಗಡಸುತನವನ್ನು ಸ್ವಲ್ಪ ಇಳಿಸಿ ಹದಕ್ಕೆ ತರಬೇಕು. ಬಾಳಿಕೆ ಬರುವುದು ಹದವಾದ ಉಕ್ಕೇ. ಖಾನಾಪುರದ ಕುಂಬಾರಿಕೆಯೂ ಇದನ್ನೇ ಹೇಳುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದು ಅಲ್ಲಿಯೇ. ಒಣಗಿದ ಹಸಿ ಗಡಿಗೆ ನೋಡಲು ಗಟ್ಟಿ, ನೀರಿಗಿಟ್ಟರೆ ಕೆಸರು. ಬೆಂಕಿಯಲ್ಲಿ ಬೆಂದು, ಮಣ್ಣಿನ ಕಣಗಳಲ್ಲಿಯೇ ಬೆಸೆದಿದ್ದ ನೀರು ಹೊರಟುಹೋದ ಮೇಲೆ ಅದು ಮತ್ತೆ ಮಣ್ಣಾಗದು. ‘ನೊಂದು ಬೆಂದವರು’ ಎಂದು ಜನ ಸುಮ್ಮನೆ ಅನ್ನುವುದಿಲ್ಲ. ಬೆಂದ ಗಡಿಗೆ ನೀರು ಹಿಡಿಯುತ್ತದೆ, ಒಳಗಿನದನ್ನು ತಂಪಾಗಿಯೂ ಇಡುತ್ತದೆ.

ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆಯಿದೆ. ಮನೆ ಬಿಟ್ಟು ಬಂದ ಹುಡುಗರು ಕವಾಯತು ಮಾಡಿ ಪಳಗುವುದು ಇಲ್ಲಿ. ಅವರ ಕಾಲಿಗೆ ಜಡ್ಡು ಬೀಳಲಿ ಎಂದು ಯಾವ ತಾಯಿಯಾದರೂ ಒಪ್ಪಿಯಾಳು. ಮನಸ್ಸಿಗೆ ಬೀಳಲಿ ಎಂದು ಒಪ್ಪಲಾರಳು. ದಿನವೂ ನೋವನ್ನು ನೋಡುವ ವೈದ್ಯರು, ಪೊಲೀಸರು, ಸುದ್ದಿಮನೆಯವರು ಎಲ್ಲರಿಗೂ ಇದೇ ಪರೀಕ್ಷೆ. ಗಟ್ಟಿಯಾಗದೆ ಅವರ ಕೆಲಸ ನಡೆಯದು. ಜಡ್ಡುಗಟ್ಟಿದರೆ ನಡೆದೂ ಪ್ರಯೋಜನವಿಲ್ಲ.

ಸಾವಿನ ಮನೆಯ ಆ ಒಂದು ಮಾತಿನ ಬೆಲೆ ಇರುವುದು ಇಲ್ಲಿಯೇ. ‘ಗಟ್ಟಿ ಮಾಡ್ಕೋರಿ’ ಎಂದವರು ಅಳಬೇಡಿ ಎನ್ನುವುದಿಲ್ಲ, ಮರೆತುಬಿಡಿ ಎನ್ನುವುದಿಲ್ಲ. ಅತ್ತು ಎದ್ದು ನಾಳೆ ಒಲೆ ಹಚ್ಚಿರಿ ಎನ್ನುತ್ತಾರೆ, ಅಷ್ಟೇ.