ಬಿಳಿಯರ ದಂಗೆ, ಸಿಪಾಯಿಗಳ ನೆತ್ತರು

ಸೇನೆಯ ದಂಗೆ ಎಂದೊಡನೆ ನೆನಪಾಗುವುದು 1857. ಆದರೆ ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು, 1809ರಲ್ಲಿ, ಮೈಸೂರು ಸೀಮೆ ಇನ್ನೊಂದು ದಂಗೆಯನ್ನು ಕಂಡಿತ್ತು. ಅಂದು ತಿರುಗಿಬಿದ್ದವರು ಸಿಪಾಯಿಗಳಲ್ಲ. ಅವರಿಗೆ ಶಿಸ್ತು ಕಲಿಸುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಬಿಳಿಯ ಅಧಿಕಾರಿಗಳು!

ಜಗಳ ಶುರುವಾದದ್ದು ಡೇರೆಗಳಿಂದ. ಮದರಾಸು ಸೇನೆಯಲ್ಲಿ ಸಿಪಾಯಿ ಪಡೆಗೆ ಡೇರೆ ಒದಗಿಸುವ ಹೊಣೆ ಆ ಪಡೆಯ ಮುಖ್ಯಾಧಿಕಾರಿಯದು. ಅದಕ್ಕಾಗಿ ಯುದ್ಧವಿದ್ದರೂ ಇಲ್ಲದಿದ್ದರೂ ಪ್ರತಿ ತಿಂಗಳು ಹಣ ಸಲ್ಲುತ್ತಿತ್ತು. ದಂಡು ಹೊರಡದಿದ್ದರೆ ಉಳಿದದ್ದೆಲ್ಲ ಅಧಿಕಾರಿಯ ಜೇಬಿಗೆ. ಇದು ಕರ್ತವ್ಯವನ್ನು ಕಡೆಗಣಿಸಲು ಪ್ರೇರೇಪಿಸುತ್ತದೆ ಎಂದು ಕ್ವಾರ್ಟರ್ ಮಾಸ್ಟರ್ ಜನರಲ್ ಜಾನ್ ಮನ್ರೋ ವರದಿ ನೀಡಿದ. 1808ರಲ್ಲಿ ಸರ್ಕಾರ ಈ ಪದ್ಧತಿಯನ್ನು ರದ್ದುಮಾಡಿತು.

ಅಧಿಕಾರಿಗಳು ಕೆರಳಿದರು. ಅವರ ಬೆಂಬಲಕ್ಕೆ ನಿಂತ ದಂಡನಾಯಕ ಮ್ಯಾಕ್‌ಡೋವಲ್ ಮನ್ರೋನನ್ನು ಬಂಧನದಲ್ಲಿಟ್ಟರೆ, ಗವರ್ನರ್ ಜಾರ್ಜ್ ಬಾರ್ಲೋ ಬಿಡುಗಡೆ ಮಾಡಿಸಿದ. ಸೇನೆಗೆ ಕೊನೆಯ ಮಾತು ಯಾರದು, ದಂಡನಾಯಕನದೋ ಸರ್ಕಾರದ್ದೋ ಎಂಬ ಪ್ರಶ್ನೆ ಎದ್ದಿತು. ಸ್ವದೇಶಕ್ಕೆ ಹೊರಟ ಮ್ಯಾಕ್‌ಡೋವಲ್ ಹಡಗಿನೊಂದಿಗೆ ಸಮುದ್ರದಲ್ಲೇ ಕಣ್ಮರೆಯಾದ; ಆದರೆ ಅವನು ಹಚ್ಚಿದ ಕಿಡಿ ಆರಲಿಲ್ಲ. ಸರ್ಕಾರಕ್ಕೆ ವಿಧೇಯರಾಗಿರುವುದಾಗಿ ಸಹಿ ಹಾಕಲು ಬಹುಪಾಲು ಅಧಿಕಾರಿಗಳು ಒಪ್ಪಲಿಲ್ಲ.

ಶ್ರೀರಂಗಪಟ್ಟಣದ ಕೋಟೆ ಆಗ ಕಂಪನಿಯ ವಶದಲ್ಲಿತ್ತು. ಅಲ್ಲಿನ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಬೆಲ್ ಸರ್ಕಾರಕ್ಕೆ ಎದುರಾಗಿ ಬಾಗಿಲು ಮುಚ್ಚಿಸಿದ. ಅವನ ನೆರವಿಗೆಂದು ಚಿತ್ರದುರ್ಗದ ಎರಡು ಸಿಪಾಯಿ ಪಡೆಗಳು ತಮ್ಮ ಠಾಣೆಯನ್ನೇ ತೊರೆದು ಹೊರಟವು. ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ ಆರ್ಥರ್ ಕೋಲ್ ದಿವಾನ್ ಪೂರ್ಣಯ್ಯನವರ ಸಹಾಯ ಕೋರಿದ. ಮೈಸೂರಿನ ಕುದುರೆ ಪಡೆ ದಾರಿಗೆ ಅಡ್ಡ ಬಂತು. ಆಗಸ್ಟ್ 11ರಂದು ಶ್ರೀರಂಗಪಟ್ಟಣದ ಬಳಿ ಬ್ರಿಟಿಷ್ ಕುದುರೆ ಸವಾರರೂ ಮೇಲೆ ಬಿದ್ದಾಗ ಸಿಪಾಯಿಗಳು ದಿಕ್ಕೆಟ್ಟು ಚದುರಿದರು. ಹಲವರು ಸತ್ತರು, ಗಾಯಗೊಂಡರು. ಉಳಿದವರಲ್ಲಿ ಅನೇಕರು ಕೋಟೆ ಸೇರಿಕೊಂಡರು. ಅದೇ ತಿಂಗಳು ಕೋಟೆಯೂ ಶರಣಾಯಿತು.

ಗವರ್ನರ್ ಜನರಲ್ ಲಾರ್ಡ್ ಮಿಂಟೋ ಮದರಾಸಿಗೆ ಬಂದು, ಕೆಲವೇ ಮಂದಿಯನ್ನು ಬಿಟ್ಟು ಉಳಿದವರಿಗೆ ಕ್ಷಮೆ ನೀಡಿದ. ಬೆಲ್ ಸೇನಾ ನ್ಯಾಯಾಲಯದ ವಿಚಾರಣೆಯಲ್ಲಿ ಹುದ್ದೆ ಕಳೆದುಕೊಂಡ. ನೇಣಿಗೇರಿದ ಅಧಿಕಾರಿ ಒಬ್ಬನೂ ಇಲ್ಲ. ಕೇವಲ ಮೂರು ವರ್ಷಗಳ ಹಿಂದೆ, 1806ರಲ್ಲಿ, ವೆಲ್ಲೂರಿನಲ್ಲಿ ದಂಗೆಯೆದ್ದ ಸಿಪಾಯಿಗಳಿಗೆ ತೋಪಿನ ಬಾಯಿಗೆ ಕಟ್ಟಿ ಸಿಡಿಸುವ ಶಿಕ್ಷೆಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಇಂಥ ಅಸಮಾಧಾನ ಕಂಪನಿಯ ಸೇನೆಗಷ್ಟೇ ಸೀಮಿತವಲ್ಲ. 1783ರಲ್ಲಿ ಅಮೆರಿಕದ ನ್ಯೂಬರ್ಗ್ ಪಾಳೆಯದಲ್ಲೂ ಸಂಬಳದ ಬಾಕಿಗಾಗಿ ಅಧಿಕಾರಿಗಳು ಗುಡುಗಿದ್ದರು. ಅಲ್ಲಿ ಜಾರ್ಜ್ ವಾಷಿಂಗ್ಟನ್ ತಾನೇ ಮುಂದೆ ನಿಂತು ಅವರನ್ನು ಸಮಾಧಾನಪಡಿಸಿದ, ರಕ್ತ ಹರಿಯಲಿಲ್ಲ.

ಇಲ್ಲಿ ಹಾಗಾಗಲಿಲ್ಲ. ಅಧಿಕಾರಿಯ ಮಾತು ಮೀರಿದರೆ ಶಿಸ್ತುಭಂಗ, ಕೇಳಿದರೆ ರಾಜದ್ರೋಹ ಎಂಬ ಇಕ್ಕಟ್ಟಿಗೆ ಸಿಲುಕಿದ್ದು ಸಿಪಾಯಿ. ಡೇರೆಯ ಹಣದಲ್ಲಿ ಅವನಿಗೆ ಬಿಡಿಗಾಸಿನ ಪಾಲೂ ಇರಲಿಲ್ಲ.