ಜರುಗದ ಕಿಟಕಿ, ಜರುಗುವ ಹಾಳೆ

ನಲವತ್ತು ಮಕ್ಕಳ ಅಂಕ ತುಂಬಲು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆಯುತ್ತೀರಿ ಎನ್ನಿ. ಮಗುವಿಗೊಂದು ಸಾಲು: ಹೆಸರು, ಪಕ್ಕದಲ್ಲಿ ಅಂಕದ ಖಾನೆ. ಸಾಲಿಗೆ 30 ಪಿಕ್ಸೆಲ್‌ನಂತೆ ಒಟ್ಟು ಎತ್ತರ 1200. ಕಿಟಕಿಯದೋ 600. ಇಪ್ಪತ್ತನೆಯ ಮಗುವಿನಿಂದಾಚೆಗೆ ಯಾರೂ ಕಾಣುವುದಿಲ್ಲ. ಬದಿಗೊಂದು ಸ್ಕ್ರಾಲ್‌ಬಾರ್ ಅಂಟಿಸಿದರಾಯಿತು ಎಂದುಕೊಂಡರೆ, ಅದು ಬಂದು ಕೂರುತ್ತದೆ, ಏನೂ ಅಲುಗುವುದಿಲ್ಲ.

ಈ ಕಿಟಕಿ ಕಟ್ಟಿಕೊಡುವ ಪೈಥಾನ್‌ನ ಟಿಕೆ-ಇಂಟರ್ ನಿಂತಿರುವುದು ಟಿಕೆ ಎಂಬ ಹಳೆಯ ಸಲಕರಣೆಯ ಮೇಲೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ ತಮ್ಮ ಟಿಕಲ್ ಭಾಷೆಗೆ ಜೊತೆಯಾಗಿ ಕಟ್ಟಿದ್ದು ಅದು. ಅದರಲ್ಲಿ ಜರುಗುವ ವಿದ್ಯೆ ಬಲ್ಲವು ಕೆಲವೇ: ಬರಹದ ಟೆಕ್ಸ್ಟ್, ಪಟ್ಟಿಯ ಲಿಸ್ಟ್‌ಬಾಕ್ಸ್, ಚಿತ್ರ ಬಿಡಿಸುವ ಕ್ಯಾನ್ವಾಸ್, ಇಂಥವು. ನಮ್ಮ ಸಾಲುಗಳು ಕೂತಿರುವ ಫ್ರೇಮ್‌ಗೆ ಆ ವಿದ್ಯೆ ಇಲ್ಲ.

ಉಪಾಯವೆಂದರೆ, ಬಾರದವನನ್ನು ಬಲ್ಲವನ ಹೆಗಲೇರಿಸುವುದು. ಕ್ಯಾನ್ವಾಸ್ ಮೇಲೆ ಗೆರೆ, ವೃತ್ತ ಬಿಡಿಸಿದ ಹಾಗೆಯೇ ಒಂದು ಇಡೀ ಫ್ರೇಮನ್ನೂ ‘ಬಿಡಿಸಬಹುದು’. ಅದಕ್ಕಿರುವ ಆಜ್ಞೆ ಕ್ರಿಯೇಟ್-ವಿಂಡೋ. ಹೊಸಬರು ಎಡವುವುದು ಇಲ್ಲಿಯೇ. ರೂಢಿಯಂತೆ ಫ್ರೇಮನ್ನು ಕ್ಯಾನ್ವಾಸ್ ಒಳಗೆ ಪ್ಯಾಕ್ ಮಾಡಿಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ಪ್ಯಾಕ್ ಮಾಡಿದ್ದು ಗೋಡೆಗೆ ಮೊಳೆ ಹೊಡೆದಂತೆ. ಕ್ಯಾನ್ವಾಸ್ ಎಷ್ಟು ಜರುಗಿದರೂ ಅದು ಕದಲದು. ಬಿಡಿಸಿದ್ದಾದರೆ ಚಿತ್ರದ ಜೊತೆಗೇ ಸಾಗುತ್ತದೆ.

ಇನ್ನು ಸ್ಕ್ರಾಲ್‌ಬಾರ್. ಮಕ್ಕಳು, ಅಂಕ, ಪಿಕ್ಸೆಲ್ ಯಾವುದೂ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಸೊನ್ನೆಯಿಂದ ಒಂದರ ನಡುವಿನ ಎರಡು ಸಂಖ್ಯೆ: ಕಾಣುವ ಭಾಗ ಎಲ್ಲಿ ಶುರು, ಎಲ್ಲಿ ಕೊನೆ. ನಮ್ಮ ಪಟ್ಟಿ ತೆರೆದಾಗ ಅವು 0 ಮತ್ತು 0.5. 300 ಪಿಕ್ಸೆಲ್ ಕೆಳಗಿಳಿದರೆ 0.25 ಮತ್ತು 0.75. ನೀವು ಹಿಡಿಯನ್ನು ಎಳೆದಾಗ ಸ್ಕ್ರಾಲ್‌ಬಾರ್ ವೈ-ವ್ಯೂ ಮೂಲಕ ಕ್ಯಾನ್ವಾಸನ್ನು ಕೇಳಿಕೊಳ್ಳುತ್ತದೆ: ‘ಇಷ್ಟಕ್ಕೆ ಸರಿ.’ ಕ್ಯಾನ್ವಾಸ್ ಸರಿದು, ವೈ-ಸ್ಕ್ರಾಲ್-ಕಮಾಂಡ್ ಮೂಲಕ ವರದಿ ಒಪ್ಪಿಸುತ್ತದೆ: ‘ಈಗ ಇಲ್ಲಿದ್ದೇನೆ.’ ಆ ವರದಿ ಬಂದ ಮೇಲಷ್ಟೇ ಹಿಡಿ ತನ್ನ ಹೊಸ ಜಾಗದಲ್ಲಿ ನಿಲ್ಲುವುದು. ಎರಡು ತಂತಿಗಳಲ್ಲಿ ಒಂದನ್ನು ಕಟ್ಟಲು ಮರೆತರೂ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಹಾಳೆ ಎಷ್ಟು ಉದ್ದ ಎಂಬುದನ್ನು ಕ್ಯಾನ್ವಾಸ್‌ಗೆ ನಾವೇ ತಿಳಿಸಬೇಕು, ಅದೇ ಸ್ಕ್ರಾಲ್-ರೀಜನ್. ಇಲ್ಲಿ ಆತುರ ಸಲ್ಲದು. ಸಾಲುಗಳು ಇನ್ನೂ ಜಾಗ ಹಿಡಿಯುವ ಮೊದಲೇ ಅಳೆದರೆ ಫ್ರೇಮ್‌ನ ಎತ್ತರ ಬರೀ ಒಂದು ಪಿಕ್ಸೆಲ್ ಎಂದು ಉತ್ತರ ಬಂದೀತು! ಪಳಗಿದವರು ತಾವಾಗಿ ಅಳೆಯಲು ಹೋಗುವುದಿಲ್ಲ. ಫ್ರೇಮ್‌ನ ಗಾತ್ರ ಬದಲಾದಾಗಲೆಲ್ಲ ಮೊಳಗುವ ಕಾನ್ಫಿಗರ್ ಎಂಬ ಗಂಟೆಗೆ ಕಿವಿಗೊಟ್ಟು, ಅದು ಬಾರಿಸಿದಾಗ ಅಳತೆ ತಿದ್ದುತ್ತಾರೆ. ಕ್ಯಾನ್ವಾಸ್‌ನ ಗಂಟೆಗೂ ಓಗೊಟ್ಟು ಅದರ ಅಗಲವನ್ನು ಫ್ರೇಮ್‌ಗೆ ದಾಟಿಸಿದರೆ, ಕಿಟಕಿ ಹಿಗ್ಗಿಸಿದಾಗ ಸಾಲುಗಳೂ ಹಿಗ್ಗಲು ಸಿದ್ಧ.

ಕೊನೆಯದು ಮೌಸ್‌ನ ಚಕ್ರ. ವಿಂಡೋಸ್‌ನಲ್ಲಿ ಸಾಮಾನ್ಯ ಚಕ್ರದ ಒಂದು ತಿರುವು 120 ಎಂಬ ಲೆಕ್ಕ. ಲಿನಕ್ಸ್‌ನ ಹಳೆಯ ಟಿಕೆಯಲ್ಲಿ ಅದು ನಾಲ್ಕನೆಯ, ಐದನೆಯ ಗುಂಡಿ ಒತ್ತಿದಂತೆ. ಎರಡೂರಿನ ಮಾತು ಕಲಿತ ದುಭಾಷಿಯಂತೆ ಪ್ರೋಗ್ರಾಂ ಇದನ್ನೆಲ್ಲ ತಾಳ್ಮೆಯಿಂದ ಸರಿದೂಗಿಸಬೇಕು.

ಎಲ್ಲ ಸೇರಿ ಹತ್ತು ಹದಿನೈದು ಸಾಲಿನ ಕೆಲಸ. ಅದರ ಸೊಗಸು ಗೊತ್ತಾಗುವುದು ವರ್ಷದ ನಡುವೆ ಒಂದು ಮಗು ಹೊಸದಾಗಿ ಸೇರಿದಾಗ. ಪಟ್ಟಿಗೆ 41ನೆಯ ಸಾಲು ಬೀಳುತ್ತದೆ, ಫ್ರೇಮ್ ಬೆಳೆಯುತ್ತದೆ, ಗಂಟೆ ಬಾರಿಸುತ್ತದೆ, ಹಾಳೆಯ ಉದ್ದ 1230 ಆಗುತ್ತದೆ. ಬದಿಯಲ್ಲಿ ಸ್ಕ್ರಾಲ್‌ಬಾರ್‌ನ ಹಿಡಿ ಕೂದಲೆಳೆಯಷ್ಟು ಗಿಡ್ಡವಾಗಿ, ಹೊಸಬನಿಗೆ ಜಾಗ ಬಿಡುತ್ತದೆ.